ಕ್ರೇಟರ್ ಲೇಕ್‌ನಲ್ಲಿ ನಾನು ಜಿಗಿದದ್ದು, ಠಾಣೆಯ ಖದಾನಿಗೆ ಬರಲ್ಲ ಅಂದದ್ದು

ನಮ್ಮೂರು ವಿಜಯಪುರ ಕಡೆ, ಹನ್ನೊಂದು ವರ್ಷದಿಂದ ಮಾಜಿವಾಡಾದಲ್ಲಿ ಇದೀನಿ. ಇವತ್ತು ಕೋಡ್ ಬಗ್ಗೆ ಅಲ್ಲ, ನೀರಿನ ಬಗ್ಗೆ ಮಾತಾಡ್ತೀನಿ.

ಆನ್‌ಸೈಟ್ ಅಂತ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾಗ, ಒಂದು ಆಗಸ್ಟ್ ಶನಿವಾರ ನಾಲ್ಕು ಜನ ಕಾರು ಮಾಡಿಕೊಂಡು ಕ್ರೇಟರ್ ಲೇಕ್‌ಗೆ ಹೋದ್ವಿ. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಅನ್ನೋ ಜ್ವಾಲಾಮುಖಿ ಸಿಡಿದು, ಒಡಲು ಖಾಲಿಯಾಗಿ, ಪರ್ವತದ ನೆತ್ತಿಯೇ ಒಳಗೆ ಕುಸಿಯಿತು. ಆ ಗುಂಡಿ ತುಂಬಿದ್ದು ಮಳೆ ಮತ್ತು ಹಿಮದ ನೀರಿನಿಂದ. ಯಾವ ನದಿಯೂ ಒಳಗೆ ಬರಲ್ಲ, ಹೊರಗೆ ಹೋಗಲ್ಲ. ಆಳ 594 ಮೀಟರ್. ನಮ್ಮ ಗೋಳಗುಮ್ಮಟವನ್ನು ಒಂದರ ಮೇಲೊಂದು ಹತ್ತು ಸಲ ಪೇರಿಸಿದರೂ ಮುಳುಗುತ್ತೆ! ನೀರು ಅಷ್ಟು ತಿಳಿಯಾಗಿ, ಅಷ್ಟು ಆಳವಾಗಿ ಇರೋದ್ರಿಂದ ಬೆಳಕಿನ ಕೆಂಪನ್ನೆಲ್ಲ ನುಂಗಿ ನೀಲಿಯನ್ನಷ್ಟೇ ಉಗುಳುತ್ತೆ. ಶಾಯಿ ಚೆಲ್ಲಿದ ಹಾಗೆ.

ನೀರಿಗಿಳಿಯೋಕೆ ಇದ್ದದ್ದು ಕ್ಲೀಟ್‌ವುಡ್ ಕೋವ್ ಅನ್ನೋ ಒಂದೇ ದಾರಿ. ಸ್ವಂತ ದೋಣಿ ತರುವ ಹಾಗಿಲ್ಲ. ಆಗ ಈಜಬಹುದಿತ್ತು. ಕೆಳಗೆ ಹುಡುಗರು ಬಂಡೆ ಮೇಲಿಂದ ಜಿಗೀತಿದ್ರು. ಹೊಲದ ಬಾವಿಯಲ್ಲಿ ಈಜು ಕಲಿತವನು ನಾನು, ಸುಮ್ಮನಿರ್ತೀನಾ?

ಜಿಗಿದೆ. ನೀರು ಬೇಸಿಗೆಯಲ್ಲೂ ಹದಿನೈದು ಡಿಗ್ರಿ ಆಸುಪಾಸು. ಎದೆ ಬಿಗಿದು, ನನ್ನ ಮಾತು ಕೇಳದೆ ಬಾಯಿ ತಾನೇ ತೆರೆದು ಉಸಿರು ಎಳೀತು, ಅದೂ ನೀರೊಳಗೆ. ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಆಗೋದೇ ಇದು. ಈಜು ಬರುತ್ತೋ ಇಲ್ಲವೋ, ಸಂಬಂಧವಿಲ್ಲ. ಕೈಗೊಂದು ಕಲ್ಲು ಸಿಕ್ಕಿತು, ಬದುಕಿದೆ. ಗೆಳೆಯರು ನಾನು ಆಟ ಆಡ್ತಿದೀನಿ ಅಂದುಕೊಂಡು ವಿಡಿಯೋ ಮಾಡ್ತಿದ್ರು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ಠಾಣೆಗೆ ಬರೋಣ. ನಮ್ಮ ಯೇವೂರಿನ ಗುಡ್ಡ, ಗೋಳಗುಮ್ಮಟದ ಕರಿಕಲ್ಲು, ಎರಡೂ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾವೇ. ಆದ್ರೆ ಆ ಲಾವಾ ಹೆಚ್ಚಾಗಿ ನೆಲದ ಬಿರುಕುಗಳಿಂದ ಹರಿದದ್ದು. ಹಾಗಾಗಿ ಇಲ್ಲಿ ಕ್ರೇಟರ್ ಲೇಕ್‌ನಂಥ ಕೆರೆ ಇಲ್ಲ. ಲೋಣಾರ್ ಇದೆಯಲ್ಲ ಅಂತೀರಿ. ಅದು ಉಲ್ಕೆ ಬಿದ್ದು ಆದ ಗುಂಡಿ. ನಮ್ಮಲ್ಲಿರೋದು ಮನುಷ್ಯ ತೋಡಿದ್ದು. ಕಟ್ಟಡಗಳಿಗೆ ಜಲ್ಲಿ ತೆಗೆದು ಬಿಟ್ಟುಹೋದ ಖದಾನುಗಳು. ಮಳೆಗಾಲಕ್ಕೆ ತುಂಬಿ ಹಸಿರು-ನೀಲಿ ಕಾಣುತ್ತವೆ, ರೀಲ್ಸ್‌ನಲ್ಲಿ ಇನ್ನೂ ಚೆಂದ.

ಕೆರೆಗೆ ದಡ ಅಂತ ಇರುತ್ತೆ, ಮೊಣಕಾಲು, ಸೊಂಟ, ಎದೆ ಅಂತ ಇಳಿತೀವಿ. ಖದಾನಿಗೆ ದಡವೇ ಇಲ್ಲ. ಸಿಡಿಮದ್ದಿಟ್ಟು ಸೀಳಿದ ಗೋಡೆ ನೇರ ಕೆಳಗೆ. ಮೇಲಿನ ಮೊಳದಷ್ಟು ನೀರು ಬೆಚ್ಚಗೆ, ಕೆಳಗೆ ತಣ್ಣಗೆ. ಪಾಚಿ ಹಿಡಿದ ಕಲ್ಲಲ್ಲಿ ಕೈ ನಿಲ್ಲಲ್ಲ. ನನಗೆ ಅಲ್ಲಿ ಸಿಕ್ಕಿತಲ್ಲ ಒಂದು ಕಲ್ಲು, ಇಲ್ಲಿ ಅದು ಸಿಗಲ್ಲ.

ಹೋದ ವಾರ ನಮ್ಮ ಟೀಮಿನ ಗ್ರೂಪಿನಲ್ಲಿ ಖದಾನಿಗೆ ಹೋಗೋ ಪೋಲ್ ಹಾಕಿದ್ರು. ನಾನು ಬರಲ್ಲ ಅಂದೆ. ದಾವಣಗೆರೆಯ ಹುಡುಗನೊಬ್ಬ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, "ಸರ್, ನಿಮಗೆ ವಯಸ್ಸಾಯ್ತು" ಅಂತ ನಗುವ ಇಮೋಜಿ ಹಾಕಿದ. ಆಮೇಲೆ ಅವನನ್ನ ಚಹಾಕ್ಕೆ ಕರ್ಕೊಂಡು ಹೋಗಿ ಆ ವಿಡಿಯೋ ತೋರಿಸಿದೆ. ಮೊದಲು ನಕ್ಕ. ಎರಡನೇ ಸಲ ನೋಡುವಾಗ ನಗಲಿಲ್ಲ. ಉಪವನ ಕೆರೆಗೆ ಹೋಗಿ ಪೆಡಲ್ ಬೋಟ್ ತುಳಿಯೋಣ, ವಡಾಪಾವ್ ನನ್ನ ಖರ್ಚು ಅಂದೆ. "ನೋಡ್ತೀನಿ ಸರ್" ಅಂದ.

ಪೋಲ್‌ನಲ್ಲಿ ಭಾನುವಾರಕ್ಕೆ ಇನ್ನೂ ಐದು ಹೆಸರಿವೆ. ಅವನದೂ ಇದೆ. ಈ ರೆಕಾರ್ಡಿಂಗ್ ಮುಗಿಸಿ ಅವನಿಗೆ ಫೋನ್ ಮಾಡ್ತೀನಿ.