ಟ್ರಂಕಿನಲ್ಲಿ ಉಳಿದ ಕೌದಿ



ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಅರ್ಧ ಹೊಲಿದ ಕೌದಿಯೊಂದು ಮಡಚಿ ಬಿದ್ದಿರುತ್ತದೆ. ಅಮ್ಮಿಯ ಹಳೆ ಸೀರೆ, ಅಬ್ಬಾನ ಲುಂಗಿ, ಮಕ್ಕಳ ಅಂಗಿಯ ತುಂಡುಗಳು. ಹುಟ್ಟಲಿರುವ ಮಗುವಿಗೆಂದು ಮಾತು ಕೊಟ್ಟು ಶುರುಮಾಡಿದ್ದು. ಈಗ ಮಗು ಶಾಲೆಗೆ ಹೋಗುತ್ತಿದೆ!

ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಹಾಳುಮಾಡಿದ ಹೆಂಗಸಿನ ಹೋಲಿಕೆಯನ್ನು ಅಲ್ಲಾಹನು ಅನ್ನಹ್ಲ್ ಅಧ್ಯಾಯದ 92ನೇ ವಚನದಲ್ಲಿ ಕೊಟ್ಟಿದ್ದಾನೆ. ಅಲ್ಲಿನ ವಿಷಯ ಹೊಲಿಗೆಯಲ್ಲ, ಕೊಟ್ಟ ಮಾತು. ಆದರೆ ಮಗ್ಗದ ಊರಿನವರಾದ ನಮಗೆ ಆ ಹೋಲಿಕೆ ಬೇಗ ನಾಟುತ್ತದೆ.

ಇದು ಹೆಂಗಸರ ಕೆಲಸವೆಂದು ಗಂಡಸರು ಎದ್ದುಹೋಗಬೇಕಿಲ್ಲ. ಪ್ರವಾದಿ(ಸ)ರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಅಲ್ಪವಾದರೂ ಬಿಡದೆ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಹದೀಸ್ ನಮಗೆಲ್ಲ ಗೊತ್ತು. ದಿನಕ್ಕೆ ಒಂದು ಸಾಲು ಹೊಲಿದರೂ ಸಾಕು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು, ಅವರಲ್ಲಿ ಮುಸ್ಲಿಮರೂ ಇದ್ದಾರೆ, ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯ ಹೂ ಕೂಡಿಸದೆ ಅದು ಪೂರ್ತಿಯಾಯಿತು ಎನ್ನುವುದಿಲ್ಲ.

ಇನ್ನೊಂದು ಮಾತು, ಇದನ್ನು ಹಲವರು ಕೇಳುತ್ತಾರೆ. ತೀರಿಹೋದ ತಾಯಿ ಅರ್ಧಕ್ಕೆ ಬಿಟ್ಟ ಕೌದಿ ಯಾರದು? ಕೊಡುತ್ತೇನೆಂದು ಹೇಳಿ ಕೈಗೆ ಒಪ್ಪಿಸದಿದ್ದರೆ ಹಿಬಾ ಪೂರ್ತಿಯಾಗುವುದಿಲ್ಲ. ಹಾಗಾಗಿ ಅದು ವಾರಸುದಾರರೆಲ್ಲರ ಸೊತ್ತು. ಚಿಂದಿಯೆಂದು ಒಬ್ಬರೇ ಎಸೆಯುವುದೂ ಸಲ್ಲದು, ನೆನಪಿಗೆಂದು ಒಬ್ಬರೇ ಇಟ್ಟುಕೊಳ್ಳುವುದೂ ಸಲ್ಲದು. ಅಕ್ಕತಂಗಿಯರನ್ನು ಕೇಳಿ, ಮಾತು ಬಿಟ್ಟ ಅಣ್ಣನನ್ನೂ ಫೋನ್ ಮಾಡಿ ಕೇಳಿ. ಎಲ್ಲರೂ ಒಪ್ಪಿದರೆ ಚಳಿಗಾಲಕ್ಕೆ ಮುಂಚೆ ಮುಗಿಸಿ, ಅಮ್ಮಿ ಯಾರ ಹೆಸರು ಹೇಳಿದ್ದರೋ ಆ ಮಗುವಿಗೇ ಹೊದಿಸಿ.