ದೋಷವೇ ಬೆಲೆಯಾದ ರಿವಾಲ್ವರ್

(ನಾಣ್ಯ, ಅಂಚೆಚೀಟಿ ಸಂಗ್ರಾಹಕರ ಕೂಟವೊಂದರಲ್ಲಿ ನಮ್ಮ ವರದಿಗಾರ ಆಡಿದ ಮಾತುಗಳ ಬರಹರೂಪ)

ಅಂಚೆಚೀಟಿ ಕೂಡಿಡುವವರ ಮುಂದೆ ರಿವಾಲ್ವರ್ ಬಗ್ಗೆ ಮಾತನಾಡಲು ನಿಂತಿದ್ದೇನೆ. ಗಾಬರಿ ಬೇಡ; ನನ್ನ ಜೇಬಿನಲ್ಲಿ ಪೆನ್ನು ಬಿಟ್ಟರೆ ಬೇರೆ ಆಯುಧವಿಲ್ಲ. ಚಿತ್ರ ತಲೆಕೆಳಗಾಗಿ ಅಚ್ಚಾದ ಚೀಟಿಗೆ ಎಂಥ ಬೆಲೆ ಎಂಬುದು ತಮಗೆಲ್ಲ ಗೊತ್ತು. ಹಳೆಯ ರಿವಾಲ್ವರ್ ಸಂಗ್ರಹಿಸುವವರ ಲೋಕವೂ ಹೆಚ್ಚುಕಡಿಮೆ ಹಾಗೆಯೇ. ಅಲ್ಲಿಯೂ ಕೈಕೊಟ್ಟದ್ದರ ಮೇಲೆ, ತಿದ್ದಿದ್ದರ ಮೇಲೆ ಕಣ್ಣು. ಅಮೆರಿಕದ ‘ಕೋಲ್ಟ್ ವಾಕರ್’ ಇದಕ್ಕೆ ಒಳ್ಳೆಯ ಉದಾಹರಣೆ.

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ರಿವಾಲ್ವರ್‌ಗೆ ಪೇಟೆಂಟ್ ಪಡೆದು ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಕಾರ್ಖಾನೆ ತೆರೆದ. 1842ರ ಹೊತ್ತಿಗೆ ಅದು ಮುಚ್ಚಿತು. ಅವನ ಅದೃಷ್ಟ ತಿರುಗಿಸಿದ್ದು ಮೆಕ್ಸಿಕೊ ಯುದ್ಧ. ಟೆಕ್ಸಾಸ್ ರೇಂಜರ್ ಪಡೆಯಲ್ಲಿದ್ದ ಸ್ಯಾಮ್ಯುಯೆಲ್ ವಾಕರ್ ಎಂಬ ಕ್ಯಾಪ್ಟನ್ ಹಳೆಯ ಪ್ಯಾಟರ್ಸನ್ ಪಿಸ್ತೂಲನ್ನು ಬಳಸಿ ಮೆಚ್ಚಿದ್ದ. ಇನ್ನೂ ದೊಡ್ಡದು, ಗಟ್ಟಿಯಾದದ್ದು ಬೇಕೆಂದು ಕೋಲ್ಟ್ ಜೊತೆ ಕೂತು ರೂಪಿಸಿದ. 1847ರ ಜನವರಿಯಲ್ಲಿ ಸೈನ್ಯ ಒಂದು ಸಾವಿರಕ್ಕೆ ಆರ್ಡರ್ ಕೊಟ್ಟಿತು. ಕೋಲ್ಟ್ ಬಳಿ ಆಗ ಕಾರ್ಖಾನೆಯೇ ಇರಲಿಲ್ಲ! ಕನೆಕ್ಟಿಕಟ್‌ನ ವಿಟ್ನಿವಿಲ್‌ನಲ್ಲಿ ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿಕೊಟ್ಟ.

ಎರಡು ಕಿಲೋ ದಾಟುವ ತೂಕ, ಒಂಬತ್ತು ಅಂಗುಲದ ನಳಿಗೆ. ಸೊಂಟಕ್ಕೆ ಸಿಕ್ಕಿಸುವ ವಸ್ತುವಲ್ಲ, ಕುದುರೆಯ ಜೀನಿಗೆ ನೇತುಹಾಕುವಂಥದ್ದು. ಇದಕ್ಕೆ ಲೋಹದ ತೋಟಾ ಇರಲಿಲ್ಲ. ನಮ್ಮ ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಇದು ಬೇಗ ತಿಳಿಯುತ್ತದೆ: ಸಿಲಿಂಡರಿನ ಆರು ಗೂಡುಗಳಿಗೂ ಮದ್ದು ಸುರಿದು, ನಳಿಗೆಯ ಕೆಳಗಿನ ಸನ್ನೆಯಿಂದ ಗುಂಡನ್ನು ಒತ್ತಿ ಕೂರಿಸಿ, ಹಿಂದೆ ಕೇಪು ಇಡಬೇಕು. ವಾಕರ್‌ನ ಗೂಡುಗಳು ಬಲು ದೊಡ್ಡವು. ಆಗಿನ ಲೋಹಕ್ಕೆ ಅಷ್ಟು ಮದ್ದಿನ ಹೊಡೆತ ತಡೆಯಲಿಲ್ಲ. ಹಲವು ಸಿಲಿಂಡರುಗಳು ಸಿಡಿದವು. ಗುಂಡು ಹಾರಿದ ಅದುರಿಗೆ ಆ ಸನ್ನೆ ಕೆಳಗೆ ಬಿದ್ದು ಸಿಲಿಂಡರು ತಿರುಗದಂತೆ ಅಡ್ಡ ಬರುತ್ತಿತ್ತು. ಎದುರಿಗೆ ಶತ್ರುವಿದ್ದಾಗ ಹೀಗಾದರೆ ಏನು ಗತಿ, ಊಹಿಸಿಕೊಳ್ಳಿ.

ಮುಂದಿನ ಕಥೆಯೆಲ್ಲ ಈ ತಪ್ಪುಗಳ ತಿದ್ದುಪಡಿ. 1848ರಿಂದ ಬಂದ ‘ಡ್ರಗೂನ್’ ಮಾದರಿಯಲ್ಲಿ ಸಿಲಿಂಡರು ಗಿಡ್ಡವಾಯಿತು, ಮದ್ದು ಕಡಿಮೆಯಾಯಿತು, ಸನ್ನೆಯ ತುದಿಗೆ ಚಿಲಕ ಬಂತು. ಸಿಲಿಂಡರಿನ ಮೇಲಿನ ಕಚ್ಚು ಅಂಡಾಕಾರದ್ದಾದರೆ ಮೊದಲ ಮಾದರಿ. ಕಚ್ಚು ಆಯತವಾಗಿ, ಟ್ರಿಗರಿನ ಸುತ್ತಲ ಬಳೆಯ ಹಿಂಭಾಗ ಚೌಕವಾಗಿಯೇ ಉಳಿದಿದ್ದರೆ ಎರಡನೆಯದು. ಬಳೆಯೂ ದುಂಡಗಾದರೆ ಮೂರನೆಯದು. ಎರಡನೆಯದು ಮೂರು ಸಾವಿರಕ್ಕಿಂತ ಕಡಿಮೆ ತಯಾರಾದ್ದರಿಂದ ಅದಕ್ಕೇ ಹೆಚ್ಚು ಹುಡುಕಾಟ. ವಾಕರ್‌ನ ಉಳಿಕೆ ಭಾಗಗಳನ್ನು ಸೇರಿಸಿ ಹಾರ್ಟ್‌ಫರ್ಡ್‌ನಲ್ಲಿ ಮಾಡಿದ ಸುಮಾರು 240 ನಡುವಿನ ತಳಿಯವೂ ಇವೆ. ಕಾರ್ಖಾನೆಗೆ ಅದು ಉಳಿಕೆ ಖಾಲಿ ಮಾಡುವ ಉಪಾಯ, ಸಂಗ್ರಾಹಕನಿಗೆ ನಿಧಿ.

ಸೈನ್ಯದ ಸಾವಿರ ವಾಕರ್‌ಗಳ ಮೇಲೆ ಎ ಯಿಂದ ಇ ವರೆಗೆ ಕಂಪನಿಯ ಗುರುತು ಮತ್ತು ಸಂಖ್ಯೆ ಒತ್ತಿದ್ದಾರೆ. ಇನ್ನೊಂದು ನೂರನ್ನು ಕೋಲ್ಟ್ ಹೊರಗಿನವರಿಗಾಗಿ ಮಾಡಿಸಿದ. ಇಂದು ಉಳಿದವು ಇನ್ನೂರನ್ನು ದಾಟವು ಎಂಬುದು ಬಲ್ಲವರ ಅಂದಾಜು. ಆ ನೂರರ ಪೈಕಿ ಒಂದು, ತನ್ನ ಪೆಟ್ಟಿಗೆಯ ಸಮೇತ ಉಳಿದದ್ದು, 2018ರ ಹರಾಜಿನಲ್ಲಿ 18.4 ಲಕ್ಷ ಡಾಲರಿಗೆ ಹೋಯಿತು. ಸೈನ್ಯ ತಲಾ 25 ಡಾಲರಿನಂತೆ ಕೊಂಡಿದ್ದ ಮಾಲು!

ಹಣ ಇದ್ದಲ್ಲಿ ಕಳ್ಳ ಅಚ್ಚೂ ಇರುತ್ತದೆ, ನಾಣ್ಯದವರಿಗೆ ಇದನ್ನು ಹೇಳಬೇಕಿಲ್ಲ. ಇತ್ತೀಚಿನ ನಕಲಿಗೆ ತುಕ್ಕು ಹಿಡಿಸುವವರು, ಹಳೆಯ ಬಿಡಿಭಾಗಗಳ ಮೇಲೆ ಹೊಸ ಸಂಖ್ಯೆ ಒತ್ತುವವರು ಇದ್ದಾರೆ. ಹಾಗಾಗಿ ಪರೀಕ್ಷಕ ಹೊಳಪು ನೋಡುವುದಿಲ್ಲ. ನಳಿಗೆ, ಚೌಕಟ್ಟು, ಸಿಲಿಂಡರುಗಳ ಮೇಲಿನ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ, ಅಕ್ಷರದ ಅಂಚು ಸುತ್ತಲ ಲೋಹದಷ್ಟೇ ಸವೆದಿದೆಯೇ ಎಂದು ಭೂತಗನ್ನಡಿ ಹಿಡಿಯುತ್ತಾನೆ. ಚೆಂದ ಮಾಡುವ ಹುಮ್ಮಸ್ಸಿನಲ್ಲಿ ಉಜ್ಜಿ ಹೊಳಪು ಕೊಟ್ಟರೆ ಆ ಸಾಕ್ಷ್ಯವೆಲ್ಲ ಅಳಿಸಿಹೋಯಿತು ಎಂದೇ ಲೆಕ್ಕ. ಅಂದ ಹಾಗೆ, ಅಮೆರಿಕದ 1968ರ ಕಾನೂನು 1898 ಮತ್ತು ಅದಕ್ಕೆ ಹಿಂದಿನ ತಯಾರಿಕೆಯನ್ನು ಪುರಾತನ ವಸ್ತುವೆಂದು ಬೇರೆಯಾಗಿ ಕಾಣುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಗುಂಡು ಹಾರಿಸಲು ಬಾರದ, ರಿಪೇರಿಗೂ ಒಗ್ಗದ ಹಳೆಯ ಆಯುಧಕ್ಕೆ ಮಾತ್ರ. ಅಟ್ಟದ ಮೇಲೆ ಅಜ್ಜನ ಪಿಸ್ತೂಲು ಸಿಕ್ಕಿತೆಂದರೆ ಹರಾಜಿಗಿಂತ ಮೊದಲು ಲೈಸೆನ್ಸಿನ ವಿಚಾರ ನೋಡಿ.

ನನ್ನನ್ನು ಕಾಡಿದ ಸಂಗತಿ ಬೇರೆ. ವಾಕರ್‌ನ ಸಿಲಿಂಡರಿನ ಸುತ್ತ ಆರ್ಮ್ಸ್‌ಬಿ ಎಂಬ ಕೆತ್ತನೆಗಾರನ ಚಿತ್ರವಿದೆ: ಕುದುರೆಯೇರಿದ ರೇಂಜರುಗಳು ಕೊಮಾಂಚೆ ಮೂಲನಿವಾಸಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿರುವುದು. 1844ರ ಒಂದು ಕಾಳಗದ ನೆನಪು ಅದು. ವಾಕರ್ ಸ್ವತಃ ಅಲ್ಲಿ ಭರ್ಜಿಯ ಗಾಯ ತಿಂದಿದ್ದ. ಹದಿನೈದು ಮಂದಿ ಎಂಬತ್ತು ಮಂದಿಯನ್ನು ಎದುರಿಸಿದೆವು ಎಂದು ಬರೆದವನೂ ಅವನೇ. ಕೊಮಾಂಚೆಗಳ ಮಾತನ್ನು ಆ ಉಕ್ಕಿನ ಮೇಲೆ ಯಾರೂ ಕೆತ್ತಲಿಲ್ಲ. 1847ರ ಅಕ್ಟೋಬರಿನಲ್ಲಿ ಹೊಸ ರಿವಾಲ್ವರಿನ ಜೋಡಿ ಕೈಸೇರಿದ ಕೆಲವೇ ದಿನಗಳಲ್ಲಿ ಮೆಕ್ಸಿಕೊದ ಹುವಾಮಾಂಟ್ಲಾದಲ್ಲಿ ವಾಕರ್ ಸತ್ತ. ಚಿತ್ರ ಎಷ್ಟು ಸ್ಪಷ್ಟವೋ ಬೆಲೆ ಅಷ್ಟು ಹೆಚ್ಚು. ಆದರೆ ಯುದ್ಧ ಕಂಡ ವಾಕರ್‌ಗಳಲ್ಲಿ ಬಹುಪಾಲಿನ ಮೇಲೆ ಆ ಚಿತ್ರ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಸವೆದಿದೆ. ಓಡಿಸುವವರು ಯಾರು, ಓಡುವವರು ಯಾರು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ.