ತಾಯಿಯ ರಕ್ತ, ಮಗುವಿನ ರಕ್ತ

ಪಕ್ಕದ ಮನೆಯ ಹುಡುಗಿಗೆ ಈಗ ಬಸುರಿನ ಏಳು ತಿಂಗಳು. ಮೊನ್ನೆ ಅವಳ 'ತಾಯಿ ಕಾರ್ಡ್' ನೋಡಿದೆ. ರಕ್ತದ ಗುಂಪು 'ಒ ನೆಗೆಟಿವ್' ಅಂತ ಬರೆದು, ಸಿಸ್ಟರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. "ಕೆಂಪು ನೋಡಿದರೇ ಭಯ ಆಗುತ್ತೆ ಆಂಟಿ" ಅಂದಳು. ಭಯಕ್ಕಲ್ಲಮ್ಮಾ, ಯಾರೂ ಮರೆಯಬಾರದು ಅಂತ.

ಗಂಡ ಪಾಸಿಟಿವ್ ಆಗಿದ್ದರೆ ಮಗುವೂ ಪಾಸಿಟಿವ್ ಇರಬಹುದು. ಅಂದರೆ ಮಗುವಿನ ಕೆಂಪು ರಕ್ತಕಣದ ಮೇಲೆ 'ಡಿ' ಅನ್ನುವ ಒಂದು ಪ್ರೋಟೀನು ಇರುತ್ತದೆ. ತಾಯಿಯ ಕಣದ ಮೇಲೆ ಅದಿಲ್ಲ. ದೇಹದ ಕಾವಲು ಕಣಗಳು ಹೊರಗಿನದನ್ನು ಗುರುತಿಸುವುದೇ ಇಂಥ ಚೂರುಗಳಿಂದ. ತನ್ನ ಮೈಯಲ್ಲಿ ಎಲ್ಲೂ ಕಾಣದ ಚೂರು ತಗುಲಿತೋ, ಅದು ಪರಕೀಯ. ರೋಗಾಣುವಿನದೋ, ಹೊಟ್ಟೆಯಲ್ಲೇ ಬೆಳೆದ ಕೂಸಿನದೋ, ಆ ಕಣಕ್ಕೆ ತಿಳಿಯದು.

ಬಸುರಿನಲ್ಲಿ ಎರಡು ರಕ್ತಗಳು ಹೆಚ್ಚಾಗಿ ಬೆರೆಯುವುದಿಲ್ಲ. ಹೆರಿಗೆಯ ಹೊತ್ತಿಗೆ ಮಗುವಿನದು ಒಂದಿಷ್ಟು ತಾಯಿಯೊಳಕ್ಕೆ ದಾಟುತ್ತದೆ. ಪರಕೀಯ ಕಣಗಳ ವಿರುದ್ಧ ಹೋರಾಡುವ ಪ್ರತಿಕಾಯ ತಯಾರಾಗಲು ಸಮಯ ಬೇಕು, ಹಾಗಾಗಿ ಮೊದಲ ಮಗು ಸಾಮಾನ್ಯವಾಗಿ ಪಾರು. ಆದರೆ ಒಮ್ಮೆ ಕಂಡ ಗುರುತನ್ನು ದೇಹ ಮರೆಯುವುದಿಲ್ಲ. ಮುಂದಿನ ಬಸುರಿನಲ್ಲೂ ಮಗು ಪಾಸಿಟಿವ್ ಆದರೆ, ಆ ಪ್ರತಿಕಾಯಗಳು ಮಾಸು ದಾಟಿ ಹೋಗಿ ಮಗುವಿನ ರಕ್ತಕಣಗಳನ್ನು ನಾಶಮಾಡಬಹುದು. ಹಿಂದೆ ಎಷ್ಟೋ ಮನೆಗಳಲ್ಲಿ ಚೊಚ್ಚಲು ಮಗು ಉಳಿದು, ಆಮೇಲಿನವು ಕೈಗೆ ಹತ್ತುತ್ತಿರಲಿಲ್ಲ. ಅದರಲ್ಲಿ ಕೆಲವಕ್ಕೆ ಇದೇ ಕಾರಣವಿದ್ದೀತು. ಬೈಗುಳ ಮಾತ್ರ ಆ ತಾಯಿಯ ಪಾಲಿಗೆ.

1960ರ ದಶಕದ ಕೊನೆಗೆ ಆಂಟಿ-ಡಿ ಇಂಜೆಕ್ಷನ್ ಬಂತು. ಹೆರಿಗೆಯಾದ 72 ಗಂಟೆಯೊಳಗೆ ಕೊಡುತ್ತಾರೆ, ಎಷ್ಟೋ ಕಡೆ ಏಳನೇ ತಿಂಗಳಲ್ಲೂ ಒಮ್ಮೆ. ಅದರಲ್ಲಿರುವುದು ಬೇರೊಬ್ಬರ ದೇಹ ತಯಾರಿಸಿದ ಪ್ರತಿಕಾಯ. ದಾಟಿ ಬಂದ ಮಗುವಿನ ಕಣಗಳನ್ನು ತಾಯಿಯ ದೇಹ ಗಮನಿಸುವ ಮೊದಲೇ ಅದು ತೆರವು ಮಾಡಿಬಿಡುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಅಂತ ದಿನಾ ಕೇಳುತ್ತೇವಲ್ಲ, ಇಲ್ಲಿ ಮಾಡುವುದೆಲ್ಲ ಅದು ಗುರುತು ಹಿಡಿಯದೇ ಇರಲಿ ಅಂತ. ನನಗೆ ಇದು ಬಹಳ ಹಿಡಿಸಿತು.

ಹಾಗೆ ಪ್ರತಿಕಾಯ ಕೊಟ್ಟವರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅಂತ ಒಬ್ಬರಿದ್ದರು; 2025ರಲ್ಲಿ ತೀರಿಕೊಂಡರು. ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಯಾರ‍್ಯಾರದೋ ರಕ್ತದಿಂದ ಬದುಕಿದವರು. ಹದಿನೆಂಟು ತುಂಬಿದ ಮೇಲೆ ತಾವೂ ಕೊಡಲು ಶುರುಮಾಡಿದರು. ಅವರ ರಕ್ತದಲ್ಲಿ ಈ ಪ್ರತಿಕಾಯ ಅಪರೂಪವೆನ್ನುವಷ್ಟು ಹೇರಳವಾಗಿತ್ತು. 81 ವರ್ಷದವರೆಗೆ 1173 ಸಲ ಕೊಟ್ಟರು. ಅದರಿಂದ ಸುಮಾರು 24 ಲಕ್ಷ ಶಿಶುಗಳಿಗೆ ರಕ್ಷಣೆ ಸಿಕ್ಕಿತು ಅಂತ ಅಂದಾಜು. ಸೂಜಿ ಚುಚ್ಚುವುದನ್ನು ನೋಡಲು ಮಾತ್ರ ಅವರಿಗೆ ಆಗುತ್ತಿರಲಿಲ್ಲ, ಕೊನೆಯವರೆಗೂ. ಅವರ ಸ್ವಂತ ಮಗಳೂ ಬಸುರಿಯಾದಾಗ ಈ ಇಂಜೆಕ್ಷನ್ ತೆಗೆದುಕೊಂಡವಳೇ.